ಹತ್ತು ಮನೆಗೆ ಒಂದೇ ಗೊಬ್ಬರದ ಗುಡ್ಡೆ, ಗಬ್ಬು ನಾರದ ಹಾಗೆ ಮಾಡೋದು ಹೇಗೆ?

ಅಕ್ಕಪಕ್ಕದವರು ಸೇರಿ ಹಸಿ ಕಸದಿಂದ ಗೊಬ್ಬರ ಮಾಡೋಣ ಅಂತ ಹುರುಪಿನಿಂದ ಶುರು ಮಾಡ್ತಾರೆ, ಮೂರನೇ ವಾರಕ್ಕೆ ಗಬ್ಬು ವಾಸನೆ, ಹುಳ, ಜಗಳ, ಆಮೇಲೆ ಎಲ್ಲಾ ಮತ್ತೆ ಕಸದ ಗಾಡಿಗೆ. ಇದನ್ನ ಎಷ್ಟು ಸಲ ನೋಡಿದ್ದೀನೋ. ಆ ಗಾಡಿ ಸುರಿಯೋ ಕಸದ ರಾಶಿಯೊಳಗೆ ಗಾಳಿ ಸಿಗದೆ ಕೊಳೆತ್ರೆ ಮೀಥೇನ್ ಬರುತ್ತೆ, ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿನ ಬಿಸಿ ಮಾಡುತ್ತೆ, ಅದಕ್ಕೇ ಅರ್ಧಕ್ಕೆ ಕೈಬಿಟ್ಟಿದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಜಾಗ: ನೆರಳಿರ್ಲಿ, ನೀರು ನಿಲ್ಲಬಾರದು. ಗುಡ್ಡೆ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಬೇಕು, ಚಿಕ್ಕದಾದ್ರೆ ಒಳಗೆ ಕಾವು ನಿಲ್ಲಲ್ಲ.

ಕೆಡೋದು ಬೆರೆಸೋ ಹಂತದಲ್ಲೇ. ಎಲ್ರೂ ಬಂದು ಸಿಪ್ಪೆ ಸುರಿದು ಹೋಗ್ತಾರೆ, ತರಗೆಲೆ ಹಾಕೋರು ಯಾರೂ ಇಲ್ಲ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ತರಗೆಲೆ, ಇದರಲ್ಲಿ ರಾಜಿ ಬೇಡ. ಎಲೆ ಮೂಟೆ ಗುಡ್ಡೆ ಪಕ್ಕದಲ್ಲೇ ಇರ್ಬೇಕು, ಹತ್ತು ಹೆಜ್ಜೆ ದೂರ ಇಟ್ರೂ ಯಾರೂ ತರಲ್ಲ. ಆಮೇಲೆ ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದ್ರೆ ಸರಿ, ಧಾರೆ ಇಳಿದ್ರೆ ಎಲೆ ಸೇರಿಸಿ, ಉದುರಿ ಹೋದ್ರೆ ನೀರು ಚಿಮುಕಿಸಿ. ಮೂಗಿಗೆ ಅಮೋನಿಯಾ ಘಾಟು ಹೊಡೆದ್ರೆ ಹಸಿ ಕಸ ಜಾಸ್ತಿಯಾಗಿದೆ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಒಳಗೆ ಗಾಳಿ ಇಲ್ಲ, ತಕ್ಷಣ ಮಗುಚಿ.

ಬಯೋಡಿಗ್ರೇಡಬಲ್ ಅಂತ ಬರೆದಿರೋ ಚೀಲನ ಹಾಗೇ ಹಾಕ್ಬೇಡಿ, ಅದರಲ್ಲಿ ಎಷ್ಟೋ ಚೀಲ ದೊಡ್ಡ ಗೊಬ್ಬರ ಘಟಕದ ಬಿಸಿಗೆ ಮಾತ್ರ ಕರಗೋದು, ತಿಂಗಳಾನುಗಟ್ಟಲೆ ಆದ್ಮೇಲೂ ಚಿಂದಿಚಿಂದಿಯಾಗಿ ಕೈಗೆ ಸಿಗುತ್ತೆ. ಬೇಗ ಕೊಳೀಲಿ ಅಂತ ಮಾರೋ ಸೂಕ್ಷ್ಮಜೀವಿಗಳ ಕಲ್ಚರ್ ಪುಡಿನೂ ಬೇಡ, ಹಳೇ ಗೊಬ್ಬರ ನಾಲ್ಕು ಹಿಡಿ ಸಾಕು.

ಕಬ್ಬಿಣದ ಸಲಾಕೆ ನಡುವೆ ಚುಚ್ಚಿ ಐದು ನಿಮಿಷ ಬಿಟ್ಟು ಹುಷಾರಾಗಿ ಮುಟ್ಟಿ, ಸುಡೋ ಹಾಗಿದ್ರೆ ಕೆಲಸ ನಡೀತಿದೆ. ಥರ್ಮಾಮೀಟರ್ ಇದ್ರೆ 55 ಡಿಗ್ರಿ ಮೂರು ದಿನ ನಿಲ್ಲುತ್ತಾ ನೋಡಿ, ರೋಗಾಣು ಸಾಯೋದು ಆ ಬಿಸಿಗೆ. ವಾರಕ್ಕೊಂದ್ಸಲ ಹೊರಗಿನದ್ದು ಒಳಗೆ ಹೋಗೋ ಹಾಗೆ ಮಗುಚಿ.

ಪಾಳಿ ಪಟ್ಟಿ ಗೋಡೆಗೆ ಅಂಟಿಸಿದ್ರೆ ಸಾಲದು. ಈ ವಾರದವರು, ಮುಂದಿನ ವಾರದವರು ಇಬ್ಬರೂ ನಿಂತು ಒಟ್ಟಿಗೇ ಮಗುಚಿ ಪಾಳಿ ಒಪ್ಪಿಸ್ಬೇಕು, ಆಗ ಗುಡ್ಡೆ ಹೇಗಿತ್ತು ಅನ್ನೋದು ಇಬ್ಬರಿಗೂ ಗೊತ್ತಿರುತ್ತೆ, ತಪ್ಪು ಇನ್ನೊಬ್ಬರ ಮೇಲೆ ಹಾಕೋಕಾಗಲ್ಲ.

ಗುಡ್ಡೆ ತುಂಬಿದ್ಮೇಲೆ ಹೊಸ ಕಸ ಪಕ್ಕದ ಗುಡ್ಡೆಗೆ. ಮೂರ್ನಾಲ್ಕು ತಿಂಗಳಿಗೆ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ. ಜರಡಿ ಹಿಡಿದು ಮನೆಮನೆಗೆ ಹಂಚಿ, ಮೇಲೆ ಉಳಿದ ದಪ್ಪ ಚೂರು ಹೊಸ ಗುಡ್ಡೆಗೆ ಹಾಕಿ.