ಆನೆ ದೆಸೆಯಿಂದ ಶುರುವಾದ ನಮ್ಮ ಮನೆ ಪ್ರಾರ್ಥನೆ

ನಾನು ಸಭಾಪಾಲಕ. ಹೊರಗಿನವರು ಪಾಸ್ಟರ್ ಅನ್ನುತ್ತಾರೆ, ಸಭೆಯ ಹಳಬರು ಅಯ್ಯನವರೇ ಅನ್ನುತ್ತಾರೆ. ಮನೆಯಲ್ಲಿ ಮಾತ್ರ ಎರಡು ವರ್ಷದ ಹಿಂದಿನವರೆಗೂ ನನ್ನನ್ನು ಯಾರೂ ಜಾಸ್ತಿ ಕರೆಯುತ್ತಿರಲಿಲ್ಲ. ಕರೆಯೋಣ ಅಂದರೆ ನಾನು ಮನೆಯಲ್ಲಿ ಇರಬೇಕಲ್ಲ!

2017ರಲ್ಲಿ ಉಡುಪಿ ಕಡೆಯಿಂದ ವರ್ಗವಾಗಿ ಕೊಡಗಿಗೆ ಬಂದೆವು. ಮೊದಲು ಮಡಿಕೇರಿ ಹತ್ತಿರ ಇದ್ದೆವು, ಈಗ ಸಿದ್ದಾಪುರದ ಕಡೆ. ಇಲ್ಲಿ ನಮ್ಮ ಸಭೆಯವರಲ್ಲಿ ತೋಟದ ಕೆಲಸಕ್ಕೆ ಹೋಗುವವರೇ ಜಾಸ್ತಿ. ಅವರು ಕೆಲಸ ಮುಗಿಸಿ ಬಂದು, ಸ್ನಾನ ಮಾಡಿ, ಒಲೆ ಹಚ್ಚುವ ಹೊತ್ತಿಗೆ ಆರೂವರೆ ಆಗುತ್ತದೆ. ಹಾಗಾಗಿ ಮನೆ ಭೇಟಿ ಅಂದರೆ ರಾತ್ರಿಯೇ. ತೋಟದ ಕೆಲಸದವರು ಇರುವ ಸಾಲುಮನೆಗಳಿಗೆ ಇಲ್ಲಿ ಲೈನ್ ಮನೆ ಅನ್ನುತ್ತಾರೆ. ಅಂಥ ಒಂದು ಮನೆಗೆ ಹೋಗಿ ಒಂದು ಹಾಡು, ಸತ್ಯವೇದದ, ಅಂದರೆ ಬೈಬಲ್‌ನ, ಒಂದು ಕೀರ್ತನೆ, ಪ್ರಾರ್ಥನೆ, ಒಂದು ಲೋಟ ಬೆಲ್ಲದ ಕಾಫಿ ಮುಗಿಸಿದರೆ ಪಕ್ಕದ ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ, "ನಮ್ಮಲ್ಲಿಗೂ ಒಂದು ಗಳಿಗೆ ಬನ್ನಿ ಅಯ್ಯನವರೇ" ಅಂತ. ಬರೋದಿಲ್ಲ ಅನ್ನಲು ಆಗುತ್ತಾ? ಹೀಗೆ ನಾಲ್ಕು ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಸಿ ಒಂಬತ್ತೂವರೆಗೆ ನಮ್ಮ ಮನೆ ಸೇರಿದರೆ ಮಕ್ಕಳು ಮಲಗಿರುತ್ತಿದ್ದರು. ಅನ್ನ ಆರಿರುತ್ತಿತ್ತು.

ಸತ್ಯವೇದದಲ್ಲಿ ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿ ಒಂದು ಮಾತಿದೆ. ಸ್ವಂತ ಮನೆಯನ್ನೇ ನೋಡಿಕೊಳ್ಳಲು ಬಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ. ಆ ವಾಕ್ಯದ ಮೇಲೆ ನಾನು ಎರಡು ಸಲ ಪ್ರಸಂಗ ಮಾಡಿದ್ದೇನೆ. ಎರಡು ಸಲವೂ ಚೆನ್ನಾಗಿತ್ತು ಅಂತ ಸಭೆಯವರು ಕೈ ಕುಲುಕಿದರು. ನನ್ನ ಹೆಂಡತಿ ಮಾತ್ರ ಏನೂ ಹೇಳಲಿಲ್ಲ. ಅವಳು ಏನೂ ಹೇಳಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ.

ಇದನ್ನು ಬದಲಾಯಿಸಿದ್ದು ನನ್ನ ಭಕ್ತಿಯೂ ಅಲ್ಲ, ಬುದ್ಧಿಯೂ ಅಲ್ಲ. ಆನೆ. ಹಲಸು ಹಣ್ಣಾಗುವ ಕಾಲಕ್ಕೆ ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಿಗೆ ಆನೆ ಇಳಿಯುತ್ತವೆ, ಎರಡು ವರ್ಷದ ಹಿಂದೆ ಸ್ವಲ್ಪ ಜಾಸ್ತಿಯೇ ಇಳಿದವು. ವಾಟ್ಸಾಪ್‌ನಲ್ಲಿ ದಿನಾ ಮೆಸೇಜ್, ಆ ತೋಟದ ಗೇಟಿನ ಹತ್ತಿರ ಮೂರಿವೆ, ಈ ತಿರುವಿನಲ್ಲಿ ಒಂಟಿ ಇದೆ, ಹುಷಾರು ಅಂತ. ಒಂದು ಸಂಜೆ ಸ್ಕೂಟರ್ ಲೈಟಿಗೆ ರಸ್ತೆ ಪಕ್ಕದ ಬೇಲಿ ಅಲ್ಲಾಡಿದ್ದು ಕಂಡಿತು. ಬೇಲಿ ಅಲ್ಲ, ಕಿವಿ. ಸ್ಕೂಟರ್ ತಿರುಗಿಸಿದ್ದು ನೆನಪಿಲ್ಲ, ಮನೆಗೆ ಬಂದು ನಿಂತದ್ದು ನೆನಪಿದೆ. ಮಾರನೇ ದಿನದಿಂದ ಹೆಂಡತಿಯ ಆರ್ಡರ್ ಆಯಿತು, ಕತ್ತಲಾಗುವ ಮುಂಚೆ ಮನೆಗೆ ಬರಬೇಕು, ಭೇಟಿ ಏನಿದ್ದರೂ ಭಾನುವಾರ ಆರಾಧನೆ ಮುಗಿಸಿ ಹಗಲಿಗೆ ಮಾಡಿಕೊಳ್ಳಿ ಅಂತ. ಸಭೆಯ ಹಿರಿಯರೂ ಅದನ್ನೇ ಹೇಳಿದರು.

ಸರಿ, ಸಂಜೆ ಆರೂವರೆಗೆ ಮನೆಯಲ್ಲಿ ಕೂತೆ. ಕೂತವನಿಗೆ ಸುಮ್ನೆ ಇರಲು ಬರಲಿಲ್ಲ. ಇನ್ನು ದಿನಾ ಕುಟುಂಬ ಪ್ರಾರ್ಥನೆ ಅಂತ ಘೋಷಿಸಿದೆ. ಮೊದಲ ವಾರ ನಾನು ಮಾಡಿದ್ದನ್ನು ನೆನೆದರೆ ಈಗ ನನಗೇ ನಾಚಿಕೆ. ಎರಡು ಹಾಡು, ಒಂದು ಅಧ್ಯಾಯ, ಅದರ ಮೇಲೆ ಮೂರು ಅಂಶ, ಆಮೇಲೆ ಇಡೀ ಸಭೆಯ ರೋಗಿಗಳ ಹೆಸರು ಹಿಡಿದು ಪ್ರಾರ್ಥನೆ. ನಲವತ್ತು ನಿಮಿಷ. ಮಗ ಎಂಟನೇ ಕ್ಲಾಸು, ಅವನು ಎರಡನೇ ಅಂಶಕ್ಕೇ ತೂಕಡಿಸುತ್ತಿದ್ದ. ಮಗಳು ಪಿಯುಸಿ. ನಾಲ್ಕನೇ ದಿನ ಅವಳು ಬಹಳ ಮರ್ಯಾದೆಯಿಂದಲೇ ಕೇಳಿದಳು, "ಪಪ್ಪಾ, ಇದು ಹೋದ ಭಾನುವಾರದ್ದೇ ಅಲ್ವಾ?"

ಅದು ಹೋದ ಭಾನುವಾರದ್ದೇ ಆಗಿತ್ತು.

ಆ ರಾತ್ರಿ ಪಾತ್ರೆ ಒರೆಸುತ್ತಾ ಹೆಂಡತಿ ಹೇಳಿದಳು, "ರೀ, ಇಲ್ಲಿ ಅಯ್ಯನವರು ಬೇಡ. ಅವರು ಚರ್ಚಿನಲ್ಲಿ ಇರಲಿ." ನನಗೆ ಸಿಟ್ಟು ಬಂತು. ಎರಡು ದಿನ ಪ್ರಾರ್ಥನೆಯೇ ಬೇಡ ಅಂತ ಮುಖ ಊದಿಸಿಕೊಂಡು ಕೂತೆ, ಯಾರೂ ಬಂದು ಯಾಕೆ ಇಲ್ಲ ಅಂತ ಕೇಳಲಿಲ್ಲ. ಮೂರನೇ ದಿನ ಅಮ್ಮ, ಅಂದರೆ ನನ್ನ ತಾಯಿ, ಎಂಬತ್ತು ದಾಟಿದವರು, ನಮ್ಮ ಜೊತೆಗೇ ಇರುವವರು, ತನ್ನಷ್ಟಕ್ಕೆ ತಾನೇ ಅಕ್ಕಿ ಆರಿಸುತ್ತಾ ಒಂದು ಹಳೇ ಹಾಡು ಹಾಡಿಕೊಳ್ಳುತ್ತಿದ್ದರು. ಮಗಳು ಪುಸ್ತಕದಿಂದ ತಲೆ ಎತ್ತದೆಯೇ ಎರಡನೇ ಸಾಲಿಗೆ ಸೇರಿಕೊಂಡಳು. ನಾನು ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ನನ್ನ ಸೇವೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಅಂತ ಈಗ ಅನಿಸುತ್ತದೆ.

ಅಲ್ಲಿಂದ ನಾವು ಮಾಡಿಕೊಂಡ ಪದ್ಧತಿ ಹೀಗಿದೆ. ಕುಕ್ಕರ್ ಇಟ್ಟಮೇಲೆ ಶುರು, ಮೂರನೇ ಸೀಟಿ ಆಗಿ ಅದು ತಣ್ಣಗಾಗುವಷ್ಟರಲ್ಲಿ ಮುಗಿಯಬೇಕು. ಒಂದೇ ಹಾಡು. ಸತ್ಯವೇದದಿಂದ ಆರೇಳು ವಾಕ್ಯ, ವಿವರಣೆ ಇಲ್ಲ. ಯಾರಿಗಾದರೂ ಪ್ರಶ್ನೆ ಇದ್ದರೆ ಊಟಕ್ಕೆ ಕೂತಾಗ ಕೇಳಬಹುದು (ಕೇಳುತ್ತಾರೆ, ಮಗ ಒಮ್ಮೆ ನೋಹನ ನಾವೆಯಲ್ಲಿ ಜಿಗಣೆಯೂ ಇತ್ತಾ ಅಂತ ಕೇಳಿದ, ಕೊಡಗಿನ ಮಳೆಗಾಲ ನೋಡಿದ ಮಗುವಿಗೆ ಅದು ನ್ಯಾಯವಾದ ಪ್ರಶ್ನೆಯೇ). ಹಾಡು ಆರಿಸುವ ಸರದಿ ವಾರಕ್ಕೆ ಒಬ್ಬರದು. ಪ್ರಾರ್ಥನೆ ಯಾರು ಬೇಕಾದರೂ ಮಾಡಬಹುದು, ನಾನು ಕೊನೆಯವನು.

ಹಾಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ನಾನು ನಿಜವಾಗಿ ಕಲಿತೆ. ನಾನು ಬಾಸೆಲ್ ಮಿಶನ್ ಸಭೆಯಲ್ಲಿ, ಅಂದರೆ ಹಿಂದೆ ಜರ್ಮನ್ ಪಾದ್ರಿಗಳು ಬಂದು ಕಟ್ಟಿದ ಸಭೆಯಲ್ಲಿ, ಬೆಳೆದವನು. ನಮ್ಮ ಕಡೆ ಜರ್ಮನ್ ರಾಗದ ಹಾಡುಗಳನ್ನು ಕನ್ನಡದಲ್ಲಿ, ಏಕಕಾಲಕ್ಕೆ ನಾಲ್ಕು ಬೇರೆ ಬೇರೆ ದನಿಯಲ್ಲಿ ಹಾಡುತ್ತಾರೆ. ನಮ್ಮ ತಂದೆಗೆ ಬೇಸ್, ಅಂದರೆ ಗಂಡಸರ ತಗ್ಗಿನ ದನಿ, ಅಮ್ಮನಿಗೆ ಆಲ್ಟೊ, ಹೆಂಗಸರ ತಗ್ಗಿನ ದನಿ. ಹಾಗಾಗಿ ಪುಸ್ತಕದಲ್ಲಿ ಇರುವ ಶ್ರುತಿ ಅಂದರೆ ನನಗೆ ಶಾಸನ. ಮನೆಯಲ್ಲೂ ಹಾರ್ಮೋನಿಯಂನಲ್ಲಿ ಅದೇ ಎತ್ತರಕ್ಕೆ ಹಿಡಿಯುತ್ತಿದ್ದೆ. ಅಮ್ಮನಿಗೆ ಈಗ ಅಷ್ಟು ಮೇಲೆ ಹೋಗಲು ಆಗುವುದಿಲ್ಲ, ಮಗನಿಗೆ ಗಂಟಲು ಒಡೆಯುವ ವಯಸ್ಸು, ಒಂದು ಸಾಲು ಹುಡುಗನದು, ಮುಂದಿನ ಸಾಲು ಗಂಡಸಿನದು. ಅವನು ನಾಚಿಕೊಂಡು ಬಾಯಿ ಮಾತ್ರ ಆಡಿಸುತ್ತಿದ್ದ. ಅವನಿಗೆ ಭಕ್ತಿ ಕಡಿಮೆ ಅಂತ ನಾನು ಅಂದುಕೊಂಡಿದ್ದೆ! ಮಗಳು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಶ್ರುತಿಯನ್ನು ಒಂದೊಂದೇ ಮನೆ (ಹಾರ್ಮೋನಿಯಂನ ಕೀಲಿಗೆ ಮನೆ ಅನ್ನುತ್ತೇವೆ) ಇಳಿಸುತ್ತಾ ಬಂದಳು. ಎರಡೂವರೆ ಮನೆ ಕೆಳಗೆ ಬಂದಾಗ ಅಮ್ಮ ಕಣ್ಣು ಮುಚ್ಚಿ ಹಾಡಿದರು. ಅದೇ ನಮ್ಮ ಶ್ರುತಿ ಅಂತ ಗುರುತು ಹಾಕಿದೆವು. ಆಮೇಲೆ ಚರ್ಚಿನಲ್ಲೂ ನಾನು ಹಾಗೇ ಇಳಿಸಿದೆ. ಗಾಯನ ತಂಡದ ಇಬ್ಬರಿಗೆ ಇಷ್ಟ ಆಗಲಿಲ್ಲ, ಹಾಡು ಮಂಕಾಯಿತು ಅಂದರು. ಆದರೆ ಹಿಂದಿನ ಬೆಂಚಿನ ಗಂಡಸರು ಮೊದಲ ಸಲ ಪುಸ್ತಕ ಬಿಡಿಸಿದರು.

ಹಾರ್ಮೋನಿಯಂ ತಂದೆಯದು. ಕೊಡಗಿನ ಮಳೆಗೆ ಅದು ಒಗ್ಗಲಿಲ್ಲ. ಜುಲೈಯಲ್ಲಿ ಮರ ಊದಿ ಮನೆಗಳು ಒತ್ತಿದರೆ ಮೇಲೆ ಬರುವುದಿಲ್ಲ, ಒಂದು ಸ್ವರ ಕೈ ತೆಗೆದಮೇಲೂ ಕೂಗುತ್ತಲೇ ಇರುತ್ತದೆ, ಇನ್ನೊಂದು ಉಸಿರೇ ಬಿಡುವುದಿಲ್ಲ. ನಾನು ಮೊದಲ ವರ್ಷ ಬಿಸಿಲು ಬಂದ ದಿನ ಅಂಗಳದಲ್ಲಿಟ್ಟು ಕೆಡಿಸಿದೆ, ಹಲಗೆ ಬಿರುಕು ಬಿಟ್ಟಿತು. ಹಾಗೆ ಮಾಡಬೇಡಿ. ಈಗ ಮಾಡುವುದು ಇಷ್ಟು. ಮುಚ್ಚಳ ಇರುವ ಮರದ ಪೆಟ್ಟಿಗೆಯಲ್ಲಿಟ್ಟು, ಒಂದು ಮೂಲೆಯಲ್ಲಿ ಹಳೇ ಕಾಲದ ಸಣ್ಣ ಬಲ್ಬು, ಎಲ್‌ಇಡಿ ಆಗದು, ಅದಕ್ಕೆ ಬಿಸಿ ಇಲ್ಲ, ಅದನ್ನು ಹಾರ್ಮೋನಿಯಂಗೆ ತಾಗದ ಹಾಗೆ ಸಂಜೆ ಒಂದು ಗಂಟೆ ಉರಿಸುವುದು, ಎದುರಿಗೆ ಒಬ್ಬರು ಇದ್ದಾಗ ಮಾತ್ರ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಸಭೆಯ ಮಕ್ಕಳು ಕೂಡಿಸಿ ತಂದು ಕೊಡುತ್ತಾರೆ, ಅವೂ ಒಳಗೆ. ಉಸಿರು ಬಿಡದ ಸ್ವರಕ್ಕೆ ಬಹಳ ಸಲ ಕಾರಣ ರೀಡಿನ ಕೆಳಗೆ ಸಿಕ್ಕಿದ ಕಸ. ತಿರುಪು ಬಿಚ್ಚಿ, ಹಿತ್ತಾಳೆ ನಾಲಿಗೆಯನ್ನು ಉಗುರಿನ ತುದಿಯಲ್ಲಿ ಎತ್ತಿ, ಗಟ್ಟಿ ಕಾಗದದ ಒಂದು ಚೂರು ತೂರಿಸಿ ಎಳೆದರೆ ಸರಿಹೋಗುತ್ತದೆ. ಕೆರೆಯಲು ಹೋಗಬಾರದು, ಕೆರೆದರೆ ಶ್ರುತಿಯೇ ಬದಲಾಗುತ್ತದೆ. ಈ ಕೆಲಸ ಈಗ ಮಗನದು. ಹಾಡುವುದಿಲ್ಲ ಅಂತ ಕೂತಿದ್ದವನು ಮಧ್ಯಮ ಸ್ವರ ಯಾಕೋ ಸರಿಯಿಲ್ಲ ಅಂತ ಬಂದು ಹೇಳುವಷ್ಟು ಆಗಿದ್ದಾನೆ.

ಅವನದೇ ಇನ್ನೊಂದು ಕಥೆ. ಅವನ ಕ್ಲಾಸಿನ ಗೆಳೆಯ ಕೊಡವರ ಹುಡುಗ. ಪುತ್ತರಿಗೆ, ಅಂದರೆ ಕೊಡವರ ಸುಗ್ಗಿ ಹಬ್ಬಕ್ಕೆ, ಅವರ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಕರೆದರು. ಅಲ್ಲಿ ನಾಲ್ಕು ಜನ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ಹಾಡಿದ್ದನ್ನು ನೋಡಿ ಬಂದವನು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಡಿಯಲು ಶುರು ಮಾಡಿದ. ಗೆಳೆಯನ ತಾತ ಒಂದು ದುಡಿ ಕೈಗೆ ಕೊಟ್ಟು ಕೋಲು ಹಿಡಿಯುವುದನ್ನೂ ಹೇಳಿಕೊಟ್ಟರಂತೆ. ಒಂದು ದಿನ ಪ್ರಾರ್ಥನೆಯಲ್ಲಿ, ಅಜ್ಜಿಯ ಹಾಡಿಗೆ, ಅಕ್ಕಿ ಡಬ್ಬದ ಮೇಲೆ ಆ ಪೆಟ್ಟು ಬಿತ್ತು. ಜರ್ಮನ್ ರಾಗ, ಕನ್ನಡ ಮಾತು, ಕೊಡವ ಪೆಟ್ಟು. ಒಂದಕ್ಕೊಂದು ಕೂರಲಿಲ್ಲ. ನಾಲ್ಕು ದಿನ ಆದಮೇಲೆ ಕೂತಿತು.

ಇದನ್ನು ಚರ್ಚಿಗೆ ತರೋಣ ಅಂತ ಅವನಿಗೆ ಆಸೆ. ನಾನು ಬೇಡ ಅಂದೆ. ಹಿರಿಯರು ಬೈಯುತ್ತಾರೆ ಅಂತ ಅಲ್ಲ. ಆ ತಾತನ ಮನೆಯಲ್ಲಿ ದುಡಿ ಅಂದರೆ ಗುರುಕಾರಣರ, ಅಂದರೆ ಅವರು ಪೂಜಿಸುವ ಹಿರಿಯರ, ಮುಂದೆ ಹಾಡುವ ಹಾಡಿನ ಜೊತೆಗಾರ, ಅವರನ್ನು ಕೇಳದೆ ನಾವು ಎತ್ತಿಕೊಂಡು ಬರುವುದು ಸರಿಯಲ್ಲ ಅನಿಸಿತು. ಮಗ ಒಪ್ಪಿಲ್ಲ. ತಾತನನ್ನೇ ಕೇಳುತ್ತೇನೆ ಅಂದಿದ್ದಾನೆ. ಕೇಳಲಿ.

ಅವನ ಕಡೆಗೂ ವಾದ ಇದೆ. ನೂರೈವತ್ತು ವರ್ಷದ ಹಿಂದೆ ಮಡಿಕೇರಿಯಲ್ಲಿ ಇದ್ದ ಕಿಟ್ಟೆಲರು, ಅದೇ 1894ರ ಕನ್ನಡ ಇಂಗ್ಲಿಷ್ ನಿಘಂಟಿನವರು, ಯೇಸುವಿನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲೇ ಬರೆದರು. 1862ರ ಕಥಾಮಾಲೆ ಅದು. ಜರ್ಮನಿಯಿಂದ ಬಂದವರು ಇಲ್ಲಿಯ ಮಟ್ಟು ಹಿಡಿದರು, ಇಲ್ಲಿಯವರಾದ ನಾವು ಜರ್ಮನ್ ಮಟ್ಟನ್ನು ಇನ್ನೂ ಬಿಟ್ಟಿಲ್ಲ ಅಂತ ಒಮ್ಮೆ ನಾನೇ ಊಟದ ಹೊತ್ತಿಗೆ ಹೇಳಿದ್ದೆ. ಮಕ್ಕಳು ಅದನ್ನು ಸರಿಯಾದ ಸಮಯಕ್ಕೆ ತೆಗೆದು ನನ್ನ ಮುಂದೆ ಇಟ್ಟರು. ರಜೆಯಲ್ಲಿ ಅವರನ್ನು ಮಡಿಕೇರಿ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹಳೇ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ಮ್ಯೂಸಿಯಂ, ಬಣ್ಣದ ಗಾಜಿನ ಕಿಟಕಿ ಹಾಗೇ ಇದೆ, ಒಳಗೆ ವೀರಗಲ್ಲು, ಜೈನ ಮೂರ್ತಿಗಳು. ಮಗಳು ಒಂದು ಸಾಲು ಮೆಲ್ಲಗೆ ಗುನುಗಿ ಮೇಲೆ ನೋಡಿದಳು, ದನಿ ಹೇಗೆ ಬರುತ್ತದೆ ಅಂತ. ಚೆನ್ನಾಗಿ ಬರುತ್ತದೆ.

ಒಂದು ಸಂಜೆ ಮಾತ್ರ ಹಾಡು ಆಗಲಿಲ್ಲ. ಓದುವ ಸರದಿ ಮಗಳದು, ಅವಳು 46ನೇ ಕೀರ್ತನೆ ತೆಗೆದಳು. ಬೆಟ್ಟಗಳು ಸಮುದ್ರಕ್ಕೆ ಕುಸಿದರೂ ನಾವು ಹೆದರುವುದಿಲ್ಲ ಅನ್ನುವ ಕೀರ್ತನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟ ನಿಜವಾಗಿಯೂ ಕುಸಿಯಿತು. ನಾವು ಆಗ ಮಡಿಕೇರಿ ಹತ್ತಿರ ಇದ್ದೆವು. ಪರಿಹಾರ ಕೇಂದ್ರಕ್ಕೆ ಹೋಗುವಾಗ ನಾನು ಇದೇ ಕೀರ್ತನೆಗೆ ಗುರುತು ಇಟ್ಟುಕೊಂಡು ಹೋಗಿದ್ದೆ. ಅಲ್ಲಿ ಚಾಪೆಯ ಮೇಲೆ ಕೂತವರ ಮುಖ ನೋಡಿದಮೇಲೆ ಓದಲು ಆಗಲಿಲ್ಲ. ಮನೆ, ತೋಟ, ದನ ಎಲ್ಲ ಮಣ್ಣಿನಡಿ ಹೋದವರ ಮುಂದೆ ಬೆಟ್ಟ ಕುಸಿದರೂ ಅಂತ ಹೇಗೆ ಓದುವುದು? ಪುಸ್ತಕ ಮುಚ್ಚಿಟ್ಟು ಅಕ್ಕಿ ಮೂಟೆ ಇಳಿಸಲು ಹೋದೆ. ಕರೆಂಟ್ ಇರಲಿಲ್ಲ. ರಾತ್ರಿ ಯಾರದೋ ಕೂಸು ಒಂದೇ ಸಮ ಅಳುತ್ತಿತ್ತು.

ಇದನ್ನೆಲ್ಲ ನಾನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ, ಅವತ್ತು ಹೇಳಿದೆ. ಮಗಳಿಗೆ ಆಗ ಎಂಟು ವರ್ಷ, ಅವಳೂ ಆ ರಾತ್ರಿ ನಮ್ಮ ಜೊತೆ ಅಲ್ಲೇ ಇದ್ದಳು. ಅವಳು ಹೇಳಿದಳು, "ನೀವು ಏನು ಪ್ರಾರ್ಥನೆ ಮಾಡಿದ್ರಿ ಅಂತ ನೆನಪಿಲ್ಲ ಪಪ್ಪಾ. ಮಮ್ಮಿ ಆ ಪಾಪುಗೆ ಹಾಡಿದ್ದು ನೆನಪಿದೆ."

"ನಾನು ಹಾಡಿದ್ದು ಅದು ಮಲಗಲಿ ಅಂತ," ಅಂದಳು ಹೆಂಡತಿ. "ಹಾಡಿನ ಪುಸ್ತಕದ್ದೂ ಅಲ್ಲ. ಸುಮ್ನೆ ಜೋಜೋ."

ಕುಕ್ಕರ್ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು, ಅವತ್ತು ಯಾರೂ ಏಳಲಿಲ್ಲ.

ಈಗಲೂ ದಿನಾ ಆಗುತ್ತದೆ ಅಂತ ಹೇಳಿದರೆ ಸುಳ್ಳು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಸಭೆಯ ಕೆಲಸವೆಲ್ಲ ಹೊತ್ತಲ್ಲದ ಹೊತ್ತಿಗೆ ಬರುತ್ತದೆ. ಪರೀಕ್ಷೆ ಬಂದರೆ ಮಗಳು ಎರಡನೇ ಚರಣ ಬೇಡ ಅನ್ನುತ್ತಾಳೆ. ವಾರಕ್ಕೆ ನಾಲ್ಕು ದಿನ ಆದರೆ ನನಗೆ ಸಾಕು. ಪ್ರಸಂಗ ಮಾಡುವ ಚಟ ಪೂರ್ತಿ ಬಿಟ್ಟಿಲ್ಲ, ಬಾಯಿ ತೆರೆದರೆ ಮಗ ಡಬ್ಬದ ಮೇಲೆ ಎರಡು ಪೆಟ್ಟು ಹಾಕುತ್ತಾನೆ.

ಹೋದ ವಾರ ಹಾಡು ಆರಿಸುವ ಸರದಿ ಅಮ್ಮನದು. ಅದಕ್ಕೂ ಹಿಂದಿನ ವಾರ ಅಮ್ಮನದೇ ಇತ್ತು. ಎರಡು ವಾರವೂ ಒಂದೇ ಹಾಡು, ಆರೂ ಚರಣ. ಈ ವಾರವೂ ತನ್ನದೇ ಸರದಿ ಅನ್ನುತ್ತಿದ್ದಾರೆ. ಲೆಕ್ಕ ಯಾರು ಇಟ್ಟಿದ್ದಾರೋ, ಕೇಳಲು ಯಾರಿಗೂ ಧೈರ್ಯ ಇಲ್ಲ.