ಏರ್ ಪಿಸ್ತೂಲ್ ಹಿಡಿದ ಕೈ ಅಲುಗುತ್ತಿದ್ದರೆ

ಹುಬ್ಬಳ್ಳಿ-ಧಾರವಾಡದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿರುವ ಗೆಳೆಯರೇ, ಅಲುಗಾಟವನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ. ಒಂದೇ ಕೈಯಲ್ಲಿ ಆಡುವ ಆಟ ಇದು, ಎಲ್ಲರ ಕೈಯೂ ಸ್ವಲ್ಪ ಅಲುಗುತ್ತದೆ. ಬಿಗಿಯಾಗಿ ಅದುಮಿ ಹಿಡಿದಷ್ಟೂ ನಡುಕ ಜಾಸ್ತಿ.

ಮೊದಲು ಪಾದ ನೋಡಿಕೊಳ್ಳಿ. ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಹಾಕದೆ ಗುರಿಯ ಕಡೆ ಕೈ ಎತ್ತಿ, ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಪಿಸ್ತೂಲ್ ಬಲಕ್ಕೋ ಎಡಕ್ಕೋ ಸರಿದಿದ್ದರೆ ಕೈಯನ್ನು ಎಳೆದು ತರಬೇಡಿ, ಹಿಂದಿನ ಕಾಲನ್ನು ತುಸು ಸರಿಸಿ. ಬಹಳ ಜನ ಇದನ್ನೇ ಬಿಡುತ್ತಾರೆ.

ನೋಟ ಮುಂದಿನ ಸೈಟ್ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಕಡ್ಡಿ) ಮೇಲೆಯೇ ಇರಲಿ, ಗುರಿಯ ಕಪ್ಪು ವೃತ್ತ ಮಸುಕಾಗಿ ಕಂಡರೆ ಪರವಾಗಿಲ್ಲ. ಹತ್ತು ಅಂಕದ ವೃತ್ತ ಇರುವುದೇ 11.5 ಮಿಲಿಮೀಟರ್. ಅದನ್ನೇ ದಿಟ್ಟಿಸುತ್ತಿದ್ದರೆ ಸೈಟ್ ಓರೆಯಾದದ್ದು ಗೊತ್ತೇ ಆಗುವುದಿಲ್ಲ. ಅರ್ಧ ಉಸಿರು ಬಿಟ್ಟು ತಡೆದು, ಟ್ರಿಗರ್ ಅನ್ನು ನಿಧಾನಕ್ಕೆ ನೇರ ಹಿಂದಕ್ಕೆ ಒತ್ತಿ. ಎಂಟು-ಹತ್ತು ಸೆಕೆಂಡಿನೊಳಗೆ ಹೊಡೆಯಲು ಆಗದಿದ್ದರೆ ಸುಮ್ನೆ ಕೈ ಇಳಿಸಿ. ಸ್ಪರ್ಧೆಯಲ್ಲೂ 60 ಹೊಡೆತಕ್ಕೆ 75 ನಿಮಿಷ ಇರುತ್ತದೆ, ಅವಸರ ಯಾಕೆ ಅಲ್ವಾ?

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರೇಂಜಿಗೆ ಹೋಗಲು ಆಗದ ದಿನ, ಪಿಸ್ತೂಲ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಮನೆಯ ಬಿಳಿ ಗೋಡೆಯ ಮುಂದೆ ಡ್ರೈ ಫೈರ್ ಮಾಡಿ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡಿ. ಟ್ರಿಗರ್ ಒತ್ತುವಾಗ ಮುಂದಿನ ಸೈಟ್ ಕದಲಿದರೆ ಅಲ್ಲೇ ಕಾಣುತ್ತದೆ.