ಹಳಬರು ಮೇಲ್‌ನಲ್ಲೇ ಉಳಿದರು, ಹೊಸಬರು ಫೋರಂಗೆ ಬಂದರು

ಮೇಲಿಂಗ್ ಲಿಸ್ಟ್ (ಒಂದೇ ವಿಳಾಸಕ್ಕೆ ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ವ್ಯವಸ್ಥೆ) ಮುಚ್ಚಿದರೆ ಹಳಬರು ಒಬ್ಬರೂ ಉಳಿಯಲ್ಲ ಅಂತ ನಮ್ಮ ಕನ್ನಡ ತಂತ್ರಾಂಶ ಗುಂಪಿನ ಹಿರಿಯರೊಬ್ಬರು ಎಚ್ಚರಿಸಿದ್ದರು. ಡಿಸ್ಕೋರ್ಸ್ ಎಂಬ ವೆಬ್ ಫೋರಂ ತಂತ್ರಾಂಶಕ್ಕೆ ಬಂದು ಎರಡು ವರ್ಷದ ಮೇಲಾಯಿತು. ಅವರೇ ಈಗಲೂ ಎಲ್ಲರಿಗಿಂತ ಹೆಚ್ಚು ಉತ್ತರ ಬರೆಯುತ್ತಾರೆ, ಅದೂ ಒಮ್ಮೆಯೂ ಲಾಗಿನ್ ಆಗದೆ.

ಹಳೇ ಲಿಸ್ಟ್ ನಡೆಸುತ್ತಿದ್ದ ಮೇಲ್‌ಮ್ಯಾನ್ 2 ತಂತ್ರಾಂಶ ನಮ್ಮನ್ನು ಸಾಕಷ್ಟು ಸತಾಯಿಸಿತ್ತು. 2014ರಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು (ತನ್ನ ಹೆಸರಿನಲ್ಲಿ ಬೇರೆ ಸರ್ವರ್‌ನಿಂದ ಬರುವ ಮೇಲನ್ನು ಏನು ಮಾಡಬೇಕೆಂಬ ನಿಯಮ) ‘ರಿಜೆಕ್ಟ್’ಗೆ, ಅಂದರೆ ತಿರಸ್ಕರಿಸಿ ಎಂಬುದಕ್ಕೆ, ಬಿಗಿ ಮಾಡಿದಾಗ ಯಾಹೂ ಸದಸ್ಯರು ಬರೆದರೆ ಜಿಮೇಲ್‌ನವರಿಗೆ ಬೌನ್ಸ್ ಆಗುತ್ತಿತ್ತು. ಮೇಲ್‌ಮ್ಯಾನನ್ನು 2.1.18ಕ್ಕೆ ಏರಿಸಿ ‘ಫ್ರಮ್’ (ಕಳಿಸಿದವರ ವಿಳಾಸ) ತಿದ್ದಿದ ಮೇಲೆ ನಿಂತಿತು. ಆರ್ಕೈವ್‌ನಲ್ಲಿ ಮಾತ್ರ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ನಡುವೆ ಟೆಲಿಗ್ರಾಂ ನೋಡಿದೆವು. ಹರಟೆ ಬೆಳೆಯಿತು, ಬಗ್‌ನ ಉತ್ತರ ಮಾತ್ರ ಮರುವಾರ ಹುಡುಕಿದರೆ ಸಿಗದು. ಮೇಲ್‌ಮ್ಯಾನ್ 3 ಮತ್ತು ಅದರ ವೆಬ್ ಆರ್ಕೈವ್ ಹೈಪರ್‌ಕಿಟ್ಟಿಯನ್ನೂ ಹಾಕಿ ನೋಡಿದೆ, ಕಾಲೇಜು ಹುಡುಗರು ತಿರುಗಿಯೂ ನೋಡಲಿಲ್ಲ.

‘ಲಿನಕ್ಸ್ ಕರ್ನಲ್‌ನವರೇ ಲಿಸ್ಟ್ ಬಿಟ್ಟಿಲ್ಲವಲ್ಲ’ ಎನ್ನುವವರಿಗೆ ನನ್ನ ಉತ್ತರ ಒಂದೇ: ಅವರ ಪ್ಯಾಚ್ (ಕೋಡ್ ತಿದ್ದುಪಡಿ) ಬರುವುದೂ ಮೇಲ್‌ನಲ್ಲಿ, ವಿಮರ್ಶೆಯಾಗುವುದೂ ಮೇಲ್‌ನಲ್ಲಿ. ನಮ್ಮದು ಪುಲ್ ರಿಕ್ವೆಸ್ಟ್, ಅಂದರೆ ತಿದ್ದುಪಡಿ ಸಲ್ಲಿಸುವುದು ವೆಬ್‌ನಲ್ಲಿ. ಪ್ಯಾಚ್ ಬೇರೆ ಕಡೆ ಹೋದಮೇಲೆ ಲಿಸ್ಟ್‌ನಲ್ಲಿ ಉಳಿಯುವುದು ಬರೀ ಮಾತುಕತೆ. ಕಂಪೈಲರ್ ಯೋಜನೆ ಎಲ್‌ಎಲ್‌ವಿಎಂ 2022ರಲ್ಲಿ ಡಿಸ್ಕೋರ್ಸ್‌ಗೆ ಹೋಯಿತು; ಲಿನಕ್ಸ್ ಡೆಸ್ಕ್‌ಟಾಪ್ ಯೋಜನೆ ಗ್ನೋಮ್ ಅದಕ್ಕೂ ಮೊದಲೇ ಡಿಸ್ಕೋರ್ಸ್ ಶುರುಮಾಡಿ, ಅದೇ ವರ್ಷ ಲಿಸ್ಟ್‌ಗಳನ್ನು ನಿಲ್ಲಿಸಿತು.

ದುಡ್ಡಿನ ವಿಷಯ. ಮೊದಲು ತಿಂಗಳಿಗೆ ಐನೂರರ ಆಸುಪಾಸಿನ 1 ಜಿಬಿ ಮೆಮೊರಿಯ ವಿಪಿಎಸ್ (ಬಾಡಿಗೆ ಸರ್ವರ್). ಸ್ವಾಪ್ (ಡಿಸ್ಕನ್ನೇ ಮೆಮೊರಿಯಂತೆ ಬಳಸುವುದು) ಹಾಕಿದರೂ ಡಿಸ್ಕೋರ್ಸ್ ರೀಬಿಲ್ಡ್ ಮಧ್ಯದಲ್ಲೇ ಸತ್ತು ಸೈಟ್ ಅರ್ಧ ದಿನ ಮಲಗಿತು. 2 ಜಿಬಿಗೆ ಹೋದೆ, ಸಾವಿರದ ಹತ್ತಿರ ಬಂತು. ಅಷ್ಟರಲ್ಲಿ ಗೊತ್ತಾಯಿತು, ಮೇಲ್ ಹೊರಹೋಗುವ 25ನೇ ಪೋರ್ಟ್ ಆ ಕಂಪನಿಯವರು ಮುಚ್ಚಿದ್ದಾರೆ. ನಮ್ಮ ಪರವಾಗಿ ಮೇಲ್ ಕಳಿಸುವ ರಿಲೇ ಸೇವೆ ಹಿಡಿದರೆ, ಎಲ್ಲರಿಗೂ ಮೇಲಿಂಗ್ ಲಿಸ್ಟ್ ಮೋಡ್ (ಪ್ರತಿ ಬರಹವೂ ಮೇಲ್‌ನಲ್ಲಿ ಹೋಗುವುದು) ಹಾಕಿದ ದಿನವೇ ಅದರ ಉಚಿತ ಕೋಟಾ ಖಾಲಿ. ಆ ಮೋಡ್ ತೆಗೆದು, ಹಳಬರಿಗೆ ಅವರವರ ವಿಭಾಗಗಳನ್ನಷ್ಟೇ ‘ವಾಚಿಂಗ್’ಗೆ ಹಾಕಿದೆ, ಆ ವಿಭಾಗಗಳ ಬರಹ ಮಾತ್ರ ಮೇಲ್‌ಗೆ ಬರುವಂತೆ. ಆಮೇಲೆ ಕೋಟಾ ದಾಟಿಲ್ಲ. ವಿಭಾಗಕ್ಕೊಂದು ಒಳಬರುವ ಮೇಲ್ ವಿಳಾಸ ಕೊಟ್ಟು, ಲಿಸ್ಟ್‌ನ ಹಳೆಯ ವಿಳಾಸವನ್ನೇ ಮುಖ್ಯ ವಿಭಾಗಕ್ಕೆ ಅಂಟಿಸಿದ್ದೇ ನಿಜವಾದ ಕೆಲಸ. ಹಿರಿಯರ ಅಡ್ರೆಸ್ ಬುಕ್ಕಿನಲ್ಲಿ ಏನೂ ಬದಲಾಗಲಿಲ್ಲ.

ಲಿಸ್ಟ್‌ನ ಮೇಲ್‌ಗಳೆಲ್ಲ ಇದ್ದ ಹಳೇ ಎಂಬಾಕ್ಸ್ ಕಡತ ಕೈಯಲ್ಲಿತ್ತು, ಪುಣ್ಯ. ಆರ್ಕೈವ್ ಪುಟದಲ್ಲಿ ಚಿಹ್ನೆಗಳಾಗಿದ್ದ ಕನ್ನಡ ಅದರಲ್ಲಿ ಬೇಸ್64 ರೂಪದಲ್ಲಿ (ಬೈಟ್‌ಗಳನ್ನು ಸರಳ ಇಂಗ್ಲಿಷ್ ಅಕ್ಷರಗಳಾಗಿ ಬರೆದಿಡುವ ರೀತಿ) ಕ್ಷೇಮವಾಗಿತ್ತು. ಡಿಸ್ಕೋರ್ಸ್‌ನ ಎಂಬಾಕ್ಸ್ ಇಂಪೋರ್ಟರ್ ಓಡಿಸಿ ಹತ್ತು ಸಾವಿರದಷ್ಟು ಮೇಲ್ ಎಳೆದೆ; ಸದಸ್ಯರೆಲ್ಲ ‘ಸ್ಟೇಜ್ಡ್’ ಆಗಿ (ತಾವಾಗಿ ಇನ್ನೂ ಖಾತೆ ತೆರೆಯದ ಸದಸ್ಯರಾಗಿ) ಬಂದರು, ಅದೇ ಮೇಲ್‌ನಿಂದ ಸೇರಿಕೊಂಡವರಿಗೆ ಅವರ ಹಳೇ ಬರಹ ತಾನಾಗಿ ಸಿಕ್ಕಿತು. ಉತ್ತರದ ಕೆಳಗೆ ಬಾಲದಂತೆ ಬರುವ ಹಳೇ ಮೇಲ್ ಕತ್ತರಿಸುವ ರೆಗೆಕ್ಸ್ (ಪಠ್ಯ ಹುಡುಕುವ ಸೂತ್ರ) ಮಾತ್ರ ನನ್ನದೇ. ಅದನ್ನು ಇಲ್ಲಿ ಹಾಕುವುದಿಲ್ಲ, ನಾಲ್ಕು ಭಾನುವಾರ ತಿಂದಿದೆ.

ಪಕ್ಕದಲ್ಲೊಂದು ಪ್ರಯೋಗ: ಕೊಂಡಿಯಲ್ಲೂ ಕನ್ನಡ ಶೀರ್ಷಿಕೆ ಇರಲಿ ಅಂತ ಸ್ಲಗ್ (ಕೊಂಡಿಯೊಳಗಿನ ಶೀರ್ಷಿಕೆ ಭಾಗ) ‘ಎನ್‌ಕೋಡೆಡ್’ ಮಾಡಿದೆ. ಕನ್ನಡದ ಒಂದು ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್, ಪರ್ಸೆಂಟ್ ಎನ್‌ಕೋಡ್ ಆದರೆ (ಪ್ರತಿ ಬೈಟ್‌ಗೂ % ಮತ್ತು ಇನ್ನೆರಡು ಅಕ್ಷರ) 9 ಅಕ್ಷರ. ವಾಟ್ಸಾಪ್‌ಗೆ ಅಂಟಿಸಿದರೆ ಕೊಂಡಿಯೇ ಅರ್ಧ ಪರದೆ. ಈಗ ‘ನನ್’ (none) ಆಯ್ಕೆಯಲ್ಲಿಟ್ಟಿದ್ದೇನೆ, ಕೊಂಡಿಯಲ್ಲಿ ಶೀರ್ಷಿಕೆಯಿಲ್ಲ, ಗುರುತಿಗೆ ಸಂಖ್ಯೆ. ಶೀರ್ಷಿಕೆಗೆ ಕನಿಷ್ಠ 15 ಅಕ್ಷರ ಎಂಬ ಡಿಸ್ಕೋರ್ಸ್‌ನ ಮಿತಿಯನ್ನೂ ಇಳಿಸಿಬಿಡಿ. ಹಿರಿಯರು ವಿಷಯದ ಸಾಲಿನಲ್ಲಿ ‘ಫಾಂಟ್’ ಅಂತಷ್ಟೇ ಬರೆದು ಕಳಿಸುತ್ತಾರೆ, ಮೇಲ್ ವಾಪಸ್ ಬಂದರೆ ಫೋನ್ ನನಗೇ ಬರುವುದು.